ಗುಂಡಿಗೂ ಬಣ್ಣದ ಅಂಗಿ

ಅಮೆರಿಕದಲ್ಲಿ ಕೆಲವರಿಗೆ ಒಂದು ಹುಚ್ಚು: ಗ್ಯಾರೇಜಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತಮ್ಮ ಬಂದೂಕಿನ ಗುಂಡು ತಾವೇ ಮಾಡಿಕೊಳ್ಳುವುದು. ಕಾರಿನ ಚಕ್ರಕ್ಕೆ ಕಚ್ಚಿಸುವ ಸೀಸದ ತೂಕಗಳಿಗಾಗಿ ಟೈರ್ ಅಂಗಡಿಯವನ ಮುಂದೆ ಹಲ್ಲುಗಿಂಜುವುದೇ ಇವರ ಮೊದಲ ದೀಕ್ಷೆ. ಈಗ ಆ ತೂಕಗಳಲ್ಲೂ ಸತು, ಉಕ್ಕಿನವು ಸೇರಿಕೊಂಡು ಆರಿಸುವುದೇ ಒಂದು ಕೆಲಸ.

ಬರೀ ಸೀಸ ನಳಿಕೆಯೊಳಗೆ ಮೆತ್ತಿಕೊಳ್ಳುತ್ತದೆ. ಹಿಂದೆ ಗುಂಡಿಗೆ ಜೇನುಮೇಣದ ಜಿಡ್ಡು ಸವರುತ್ತಿದ್ದರು. ಕೈಯೆಲ್ಲ ಅಂಟು, ಹಾರಿಸಿದರೆ ಹೊಗೆ. ಈಗ ಪೌಡರ್ ಕೋಟಿಂಗ್ ಬಂದಿದೆ. ನಮ್ಮ ಗೇಟು, ಕಿಟಕಿಗೆ ಹೊಡೆಸುತ್ತೇವಲ್ಲ, ಅದೇ ಪುಡಿ. ಗುಂಡು, ಪುಡಿ, ಆಟದ ಬಂದೂಕಿನ ಪ್ಲಾಸ್ಟಿಕ್ ಗೋಲಿ ಎಲ್ಲವನ್ನೂ ಡಬ್ಬಿಗೆ ಹಾಕಿ ಗಲಗಲ ಅಲ್ಲಾಡಿಸಿದರೆ, ತಿಕ್ಕಾಟದ ವಿದ್ಯುತ್ತಿಗೆ ಪುಡಿ ಅಂಟಿ, ಗುಂಡು ಕೊಬ್ಬರಿತುರಿಯಲ್ಲಿ ಹೊರಳಿದ ಲಾಡಿನಂತೆ ಹೊರಬರುತ್ತದೆ. ಗೋಲಿ ಕಪ್ಪಗಿದ್ದರೇ ಚೆನ್ನ ಎಂಬ ಪಂಗಡವೂ ಇದೆ, ವಾದಕ್ಕಿಳಿಯಬೇಡಿ.

ಆಮೇಲೆ ಓವನ್ನಿನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್, 20 ನಿಮಿಷ. ಶುದ್ಧ ಸೀಸ ಕರಗಲು 327 ಬೇಕು, ಬಚಾವ್. ಆದರೆ ಆ ಓವನ್ ಮತ್ತೆ ಅಡುಗೆಮನೆಯ ಹೊಸ್ತಿಲು ತುಳಿಯುವಂತಿಲ್ಲ. ಸೀಸ ವಿಷ. ಹೆಂಡತಿಯ ಓವನ್ನಿಗೆ ಕಣ್ಣು ಹಾಕುವವನು ಗುಂಡಿಗಿಂತ ಮೊದಲು ತಾನು ಬೇಯುತ್ತಾನೆ.

ಕೊನೆಗೆ ಪರೀಕ್ಷೆ. ಇಷ್ಟು ಮುದ್ದಿನಿಂದ ಬೇಯಿಸಿದ್ದರಲ್ಲಿ ಒಂದನ್ನು ತೆಗೆದು ಸುತ್ತಿಗೆಯಿಂದ ಚಪ್ಪಟೆ ಮಾಡುತ್ತಾರೆ! ಬಣ್ಣ ಉದುರದಿದ್ದರೆ ಪಾಸು. ಕೆಂಪು, ನೀಲಿ, ಗಿಣಿಹಸಿರು ಗುಂಡುಗಳನ್ನು ಗುರಿಯ ಹಿಂದಿನ ಮಣ್ಣದಿಬ್ಬ ಸೇರಿದ ಮೇಲೂ ಇವರು ಬಿಡುವುದಿಲ್ಲ. ಜಿಪುಣಾಗ್ರೇಸರರು ದಿಬ್ಬ ಕೆದಕಿ ಸೀಸ ಆಯ್ದು, ಮತ್ತೆ ಕರಗಿಸಲು ಮನೆಗೆ ಒಯ್ಯುತ್ತಾರೆ, ಪಕ್ಕದವನ ಬಣ್ಣದ್ದನ್ನೂ ಸೇರಿಸಿ.