ಒಂದೇ ಉರಿಯ ರಾಯರು

ಕೋಲ್ಕತ್ತದ ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣದವರ ಮನೆಗಳಿಗೆ ಬರವಿಲ್ಲ. ಕರಿಬೇವು, ಬಾಳೆಎಲೆ, ಕಾಫಿಪುಡಿ ಎಲ್ಲವೂ ಸಲೀಸಾಗಿ ಸಿಗುವ ಆ ಬೀದಿಗಳಲ್ಲಿ ಒಬ್ಬರಾದರೂ ಒಂದೇ ಉರಿಯ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿದು ನಿವೃತ್ತರಾದವರು. ಮನೆಯಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆ, ಉರಿಯುವುದು ಒಂದೇ. ಇನ್ನೊಂದರ ಮೇಲೆ ಉಪ್ಪಿನಕಾಯಿ ಜಾಡಿ ಕೂತು ಎಷ್ಟು ವರ್ಷವಾಯಿತೋ, ಕೇಳಿದರೆ ರಾಯರ ಹೆಂಡತಿ ಮೇಲೆ ಸೂರು ನೋಡುತ್ತಾರೆ.

ಉರಿಯುವ ಬರ್ನರಿನ ಮೇಲೆ ದೊಡ್ಡ ಪ್ರೆಷರ್ ಕುಕ್ಕರು, ಅದರೊಳಗೆ ಮೂರು ಡಬ್ಬಿಗಳ ಗೋಪುರ. ತಳದ ಡಬ್ಬಿಗೆ ನೆನೆಸಿಟ್ಟ ತೊಗರಿಬೇಳೆ, ಚಿಟಿಕೆ ಅರಿಸಿನ, ನೊರೆಯುಕ್ಕಿ ಆವಿಯ ಕಿಂಡಿ ಕಟ್ಟದಿರಲೆಂದು ನಾಲ್ಕು ಹನಿ ಎಣ್ಣೆ. ನಡುವಿನದಕ್ಕೆ ಅಕ್ಕಿ. ಮೇಲಿನದಕ್ಕೆ ನೀರು ಹಾಕದ ತರಕಾರಿ. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಆದರೆ ಈ ಮನೆಯ ಕುಕ್ಕರ್ ಕೂಗುವಂತಿಲ್ಲ. ಲೋಕವೆಲ್ಲ ‘ಮೂರು ಸಲ ಕೂಗಿಸು’ ಎಂದು ಬೆರಳು ಮಡಚುತ್ತಿದ್ದರೆ, ರಾಯರು ವೆಯ್ಟು ಅಲುಗಾಡುವ ಸದ್ದಿಗೇ ಪೇಪರು ಬಿಸಾಕಿ ಓಡಿಬಂದು ಉರಿ ತಗ್ಗಿಸುತ್ತಾರೆ. “ಒಂದು ಲೀಟರ್ ತಣ್ಣನೆ ನೀರನ್ನ ಕುದಿ ಬರಿಸೋಕೆ ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಬೇಕು, ಕುದಿಯೋ ನೀರನ್ನ ಪೂರ್ತಿ ಆವಿ ಮಾಡೋಕೆ. ಕುಕ್ಕರ್ ಕೂಗಲ್ಲ ಸ್ವಾಮಿ, ನಿಮ್ಮ ದುಡ್ಡು ಕೂಗುತ್ತೆ!”

ಭೌತಶಾಸ್ತ್ರ ಸರಿಯಾಗಿಯೇ ಇದೆ. ಕಷ್ಟವೂ ಅದೇ. ರಾಯರ ಮಾತು ಸುಳ್ಳಾಗಿದ್ದರೆ ಎದುರಿಗಿದ್ದವರು ಎದ್ದು ಹೋಗಬಹುದಿತ್ತು.

ಇಂಧನ ಉಳಿಸಲೆಂದೇ 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಸಲಹೆಗಳೆಲ್ಲ ಅವರಿಗೆ ವಿಷ್ಣು ಸಹಸ್ರನಾಮದ ಹಾಗೆ ಬಾಯಿಪಾಠ. ಪ್ರೆಷರ್ ಕುಕ್ಕರಿನಲ್ಲಿ ಅಕ್ಕಿಗೆ ಶೇ 20, ನೆನೆಸಿದ ಕಡಲೆಬೇಳೆಗೆ ಶೇ 46 ಉಳಿತಾಯ. ಚಿಕ್ಕ ಬರ್ನರ್ ದೊಡ್ಡದಕ್ಕಿಂತ ಶೇ 6ರಿಂದ 10ರಷ್ಟು ಕಡಿಮೆ ಗ್ಯಾಸ್ ಕುಡಿಯುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು, ಎಲೆಗೆ ಉಪ್ಪು ಬೀಳುವ ಮೊದಲೇ, ಪಕ್ಕದವರಿಗೆ ಇದನ್ನೆಲ್ಲ ಒಪ್ಪಿಸಿರುತ್ತಾರೆ.

ಬರವಣಿಗೆಯಿಂದ ಹೊಟ್ಟೆ ಹೊರೆಯುವ ಬಡಪಾಯಿಯೊಬ್ಬ (ಅವನ ಹೆಸರು ಇಲ್ಲಿ ಬೇಡ) ಒಮ್ಮೆ ಅವರ ಮನೆಗೆ ಊಟಕ್ಕೆ ಹೋದ. ವಾರವೆಲ್ಲ ಹೋಟೆಲಿನಲ್ಲಿ ತಿಂದು ನಾಲಿಗೆ ಜಡ್ಡುಗಟ್ಟಿತ್ತು. ‘ಹೆಸರುಬೇಳೆ ಪಾಯಸ ಇದೆ’ ಎಂಬ ಒಂದು ಮಾತಿಗೆ ಟ್ರಾಮು, ಬಸ್ಸು, ಮಳೆನೀರು ಎಲ್ಲ ದಾಟಿ ಬಂದಿದ್ದ. ಅವತ್ತು ಗೋಪುರದ ತಳದಲ್ಲಿ ಬೇಳೆಯ ಜೊತೆ ಮೂಲಂಗಿ. ನಡುವೆ ಅನ್ನ. ಎಲ್ಲಕ್ಕಿಂತ ಮೇಲೆ, ಬೆಲ್ಲ ಏಲಕ್ಕಿ ಸಮೇತ, ಪಾಯಸ. ಆವಿಗೆ ಜಾತಿಭೇದವಿಲ್ಲ, ಕೆಳಗಿನ ಮನೆಯ ಸಮಾಚಾರವನ್ನೆಲ್ಲ ಮೇಲಿನ ಮನೆಗೆ ಒಯ್ದು ಮುಟ್ಟಿಸುತ್ತದೆ. ಮೊದಲ ಚಮಚ ಬಾಯಿಗಿಟ್ಟ ಅತಿಥಿಗೆ ತಾನು ಏನು ತಿನ್ನುತ್ತಿದ್ದೇನೆಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು. ರಾಯರು ಎದುರಿಗೇ ಕೂತು ಅವನ ಮುಖ ನೋಡುತ್ತಿದ್ದರು. “ಹೇಗಿದೆ? ಮೂರು ಅಡುಗೆ, ಒಂದೇ ಉರಿ!” ಅತಿಥಿ “ಭೇಷ್” ಎಂದ. ಮರ್ಯಾದಸ್ಥ. ಆ ಮರ್ಯಾದೆಗೆ ಇನ್ನೊಂದು ಬಟ್ಟಲು ಬಂತು. ಒಳಗೆ ನಿಂತಿದ್ದ ರಾಯರ ಹೆಂಡತಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದರೆಂದು ಅವನಿಗೆ ಈಗಲೂ ಗುಮಾನಿ.

ಇಂಥ ರಾಯರಿಗೆ ಕೋಲ್ಕತ್ತ ಹೇಳಿ ಮಾಡಿಸಿದ ಊರು. ಡಬ್ಬಿಯ ಮೇಲೆ ಡಬ್ಬಿ ಪೇರಿಸುವ ವಿದ್ಯೆಗೆ ಯಂತ್ರದ ರೂಪ ಕೊಟ್ಟ ಇಂದುಮಾಧವ ಮಲ್ಲಿಕ್ ಇಲ್ಲಿಯವರೇ. ತತ್ತ್ವಶಾಸ್ತ್ರ, ಭೌತಶಾಸ್ತ್ರ, ಕಾನೂನು ಎಲ್ಲ ಓದಿ, ಸಾಲದೆಂದು ವೈದ್ಯರೂ ಆದ ಆಸಾಮಿ. ಚೀನಾ ಸುತ್ತಿಬಂದು ಪ್ರವಾಸಕಥನ ಬರೆದರು. 1910ರಲ್ಲಿ ‘ಇಕ್‌ಮಿಕ್ ಕುಕ್ಕರ್’ ತಂದರು. ಪುರಿ ಜಗನ್ನಾಥನ ಪಾಕಶಾಲೆಯಲ್ಲಿ ಮಡಕೆಯ ಮೇಲೆ ಮಡಕೆ ಪೇರಿಸಿ ಬೇಯಿಸುವುದನ್ನು ಕಂಡು ಹೊಳೆದದ್ದು ಎನ್ನುತ್ತಾರೆ. ಪುರಿಯಲ್ಲಿ ತುತ್ತತುದಿಯ ಮಡಕೆಯೇ ಮೊದಲು ಬೇಯುತ್ತದೆಂಬುದು ಭಕ್ತರ ನಂಬಿಕೆ. ರಾಯರ ಮನೆಯಲ್ಲಿ ಆ ಪವಾಡ ಇನ್ನೂ ನಡೆದಿಲ್ಲ. ಇಕ್‌ಮಿಕ್ಕಿನ ಹಂಚಿಕೆ ಸರಳ: ಉದ್ದನೆಯ ಸಿಲಿಂಡರು, ಒಳಗೆ ಟಿಫಿನ್ ಕ್ಯಾರಿಯರಿನಂಥ ಡಬ್ಬಿಗಳು, ಸ್ವಲ್ಪ ನೀರು, ಅಡಿಯಲ್ಲಿ ಒಂದಿಷ್ಟು ಇದ್ದಿಲ ಕೆಂಡ. ಹಚ್ಚಿಟ್ಟು ಹೊರಟರೆ ಕಾಯುವವರು ಬೇಡ, ಸೀಯುವುದಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಮಸಿ ಹಿಡಿದಿರುವ ರುಕ್ಮಿಣಿ ಕುಕ್ಕರ್ ಇದರ ಹತ್ತಿರದ ನೆಂಟನೇ.

ರಾಯರು ಈ ಡಬ್ಬಿಗಳ ಗೋಪುರಕ್ಕೆ ಅಂಟಿಕೊಂಡದ್ದು ಜಿಪುಣತನದಿಂದ ಎಂದರೆ ಅನ್ಯಾಯವಾದೀತು. ಅರವತ್ತರ ದಶಕದ ಕೊನೆಯಲ್ಲಿ ಮೈಸೂರು ಸೀಮೆಯಿಂದ ಇಲ್ಲಿಗೆ ಬಂದಾಗ ಕಾಲೇಜ್ ಸ್ಟ್ರೀಟ್ ಪಕ್ಕದ ಮೆಸ್‌ಬಾಡಿಯಲ್ಲಿ, ಅಂದರೆ ಊಟ-ವಸತಿಯ ಬಾಡಿಗೆಮನೆಯಲ್ಲಿ, ಎರಡು ಹೊತ್ತೂ ಮೀನು. ಕೋಣೆಯಲ್ಲಿ ಕಲ್ಲಿದ್ದಲ ಒಲೆ ಹಚ್ಚಿದರೆ ಹೊಗೆಗೆ ಮಾಲೀಕ ಕೂಗಾಡುತ್ತಿದ್ದ, ಸೀಮೆಎಣ್ಣೆಗೆ ಕ್ಯೂ. ಊರು ಬಿಡುತ್ತಿದ್ದ ಬಂಗಾಳಿ ಗೆಳೆಯನೊಬ್ಬ ತನ್ನ ಇಕ್‌ಮಿಕ್ಕನ್ನು ಅವರಿಗೆ ದಾಟಿಸಿಹೋದ. ಕೆಲಸ ಮುಗಿಸಿ ಬಂದು, ಬೆಂಗಳೂರಿಗೆ ಕಾಗದ ಬರೆಯುತ್ತ ಕೂತರೆ, ಮೂಲೆಯಲ್ಲಿ ಅನ್ನ, ಬೇಳೆ, ಆಲೂಗಡ್ಡೆ ತಮ್ಮಷ್ಟಕ್ಕೆ ಬೇಯುತ್ತಿದ್ದವು. ಪರಸ್ಥಳದಲ್ಲಿ ತನಗಾಗಿ ಯಾರೋ ಅಡುಗೆ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಈಗ ಮಕ್ಕಳು ಬೇರೆ ಬೇರೆ ಊರುಗಳಲ್ಲಿದ್ದಾರೆ. ಇಬ್ಬರಿಗೆ ಅಷ್ಟು ಡಬ್ಬಿ ಯಾಕೆಂದು ಕೇಳಿದರೆ, ಕೆಳಗೆ ಗೇಟು ಕಾಯುವ ದರ್ವಾನನಿಗೂ ಊಟ ಬೇಡವೇ ಎನ್ನುತ್ತಾರೆ. ದರ್ವಾನ ಮೂಲಂಗಿಯ ದಿನ ರಜೆ ಹಾಕುತ್ತಾನೆಂಬುದು ಅವರ ಗಮನಕ್ಕೆ ಬಂದಿಲ್ಲ.

ಸುತ್ತಲಿನ ಬಂಗಾಳಿಗಳಿಗೆ ರಾಯರ ಮೇಲೆ ಗೌರವ. ಅಕ್ಕಿಯ ಜೊತೆಗೇ ಆಲೂಗಡ್ಡೆ, ಸಿಹಿಗುಂಬಳ ಬೇಯಿಸಿ, ಸಾಸಿವೆ ಎಣ್ಣೆ ಹಾಕಿ ಕಿವುಚಿಕೊಂಡು ತಿನ್ನುವ ‘ಭಾತೆ ಭಾತ್’ ಅವರದೇ ತಾನೇ? ರಾಯರ ಸಿದ್ಧಾಂತ ಎಡವುವುದು ಕನ್ನಡದ ಅಡುಗೆಯಲ್ಲೇ, ಒಗ್ಗರಣೆಯ ಹತ್ತಿರ. ಸಾಸಿವೆ ಆವಿಯಲ್ಲಿ ಸಿಡಿಯುವುದಿಲ್ಲ. ಅದಕ್ಕೂ ಉಪಾಯ ಹುಡುಕಿದ್ದಾರೆ: ಭಾನುವಾರ ಒಂದೇ ಸಲಕ್ಕೆ ವಾರದ ಒಗ್ಗರಣೆ ಮಾಡಿ ಬಾಟಲಿಗೆ ತುಂಬಿಡುವುದು. ಶುಕ್ರವಾರದ ಹೊತ್ತಿಗೆ ಅದರೊಳಗಿನ ಕರಿಬೇವು ಬಣ್ಣ ಬದಲಿಸಿರುತ್ತದೆ.

ಹೆಂಡತಿ ಜಗಳವಾಡಿಲ್ಲ. ಮಧ್ಯಾಹ್ನ ಸೆರಗಿನ ಮರೆಯಲ್ಲಿ ಸೌಟು ಹಿಡಿದು ಎದುರು ಫ್ಲಾಟಿನ ಬೌದಿಯ (ಬಂಗಾಳಿಯಲ್ಲಿ ಅತ್ತಿಗೆ) ಅಡುಗೆಮನೆಗೆ ಹೋಗಿ, ಹೊಸ ಒಗ್ಗರಣೆ ಹಾಕಿಕೊಂಡು ಬರುತ್ತಾರೆ. ಪ್ರತಿಫಲವಾಗಿ ಬೌದಿಗೆ ಸಾರಿನಪುಡಿ. ಒಂದು ದಿನ ಸಾಸಿವೆ ಚಟಪಟ ಎನ್ನುತ್ತಿದ್ದ ಹೊತ್ತಿಗೇ ರಾಯರು ಇಂಗಿನ ವಾಸನೆ ಹಿಡಿದು ಅಲ್ಲಿ ಪ್ರತ್ಯಕ್ಷರಾದರು. ಹೆಂಗಸರಿಬ್ಬರೂ ಸ್ತಬ್ಧ. ರಾಯರು ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಒಲೆ ಪರೀಕ್ಷಿಸಿ, “ಬೌದಿ, ಇಷ್ಟು ಸಣ್ಣ ಸೌಟಿಗೆ ದೊಡ್ಡ ಬರ್ನರ್ ಯಾಕೆ?” ಎಂದು ತಮ್ಮ ಮುರುಕು ಬಂಗಾಳಿಯಲ್ಲಿ ಗದರಿದರು. ಆಮೇಲೆ ಉರಿ ಆರಿಸಿ, ಸ್ಟ್ಯಾಂಡಿನ ಬಿಸಿ ದಂಡವಾಗಬಾರದೆಂದು ಅದರ ಮೇಲೆ ಬೌದಿಯ ಚಹಾದ ನೀರಿಟ್ಟು, ಸೌಟನ್ನು ತಾವೇ ಹಿಡಿದುಕೊಂಡು ಮನೆಗೆ ಹೊರಟರು.