ಬಿಚ್ಚಪ್ಪನವರ ಸೈಕಲ್ ರಿಪೇರಿ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ಓಣಿಗೊಬ್ಬರು ಬಿಚ್ಚಪ್ಪನವರು ಇದ್ದೇ ಇರುತ್ತಾರೆ. ತಂದೆ ತಾಯಿ ತೊಟ್ಟಿಲಲ್ಲಿ ಇಟ್ಟ ಹೆಸರು ಏನೇ ಇರಲಿ, ಕೈಗೆ ಪಾನಾ ಬಂದ ದಿನದಿಂದ ಓಣಿಯವರ ಬಾಯಲ್ಲಿ ಅವರು ಬಿಚ್ಚಪ್ಪ. ವಯಸ್ಸು ಐವತ್ತು ದಾಟಿರುತ್ತದೆ. ನಿವೃತ್ತಿಯ ಅಂಚಿಗೆ ಬಂದ ಮಾಸ್ತರರೋ, ತಹಶೀಲ್ದಾರ್ ಕಚೇರಿಯ ಗುಮಾಸ್ತರೋ ಆಗಿರುತ್ತಾರೆ. ಆಯುಷ್ಯವೆಲ್ಲ ಪೆನ್ನು ಬಿಟ್ಟು ಬೇರೆ ಆಯುಧ ಹಿಡಿದವರಲ್ಲ. ಮನೆಯಲ್ಲಿ ಬಲ್ಬು ಹೋದರೆ ಪಕ್ಕದ ಮನೆಯ ಹುಡುಗನನ್ನು ಕೂಗಿ ಕರೆದವರು.

ಇಂಥವರು ಸೈಕಲ್ ರಿಪೇರಿಗೆ ಇಳಿಯುವುದಕ್ಕೆ ಡಾಕ್ಟರೇ ಕಾರಣ. ಕಲಬುರಗಿಗೆ ಹೋಗಿ ರಕ್ತ ತಪಾಸಣೆ ಮಾಡಿಸಿದಾಗ, "ಶುಗರ್ ಗಡೀಮ್ಯಾಲ ಅದ, ದಿನಾ ಸೈಕಲ್ ತುಳೀರಿ" ಎಂದು ಅವರು ಹೇಳಿರುತ್ತಾರೆ. ಡಾಕ್ಟರು ಹೇಳಿದ್ದು ತುಳಿಯಲು, ಬಿಚ್ಚಪ್ಪನವರಿಗೆ ಕೇಳಿಸಿದ್ದು ಬಿಚ್ಚಲು. ಹೊಸ ಸೈಕಲ್ ಕೊಳ್ಳುವ ಮಾತೇ ಇಲ್ಲ. ಮದುವೆಯಲ್ಲಿ ಮಾವ ವಾಚು, ರೇಡಿಯೊ ಜೊತೆಗೆ ಕೊಟ್ಟ ಕರಿ ಸೈಕಲ್ ಹಿತ್ತಲ ಗೋಡೆಗೆ ಒರಗಿ ನಿಂತಿದೆ. ವಾಚು ಎಂದೋ ನಿಂತಿತು, ರೇಡಿಯೊ ಎಂದೋ ಮಾತು ಬಿಟ್ಟಿತು, ಸೈಕಲ್ ಮಾತ್ರ ಉಳಿದಿದೆ. ಮಾವನ ಮನೆಯಿಂದ ಬಂದದ್ದು ಸುಲಭಕ್ಕೆ ಸವೆಯುವುದಿಲ್ಲ ಎಂದು ಬಿಚ್ಚಪ್ಪನವರು ಹೆಂಡತಿ ಒಳಗಿರುವುದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳುತ್ತಾರೆ.

ನಿಜ ಹೇಳಬೇಕೆಂದರೆ ಆ ಸೈಕಲ್‌ಗೆ ಬೇಕಾದದ್ದು ಎರಡು ಗಾಲಿಗೆ ಗಾಳಿ, ಚೈನಿಗೆ ನಾಲ್ಕು ಹನಿ ಎಣ್ಣೆ, ಸವೆದ ಬ್ರೇಕ್ ರಬ್ಬರ್ ಬದಲಾವಣೆ. ಅರ್ಧ ತಾಸಿನ ಕೆಲಸ. ಆದರೆ ಕೆಟ್ಟದ್ದನ್ನು ಸರಿ ಮಾಡುವುದು ಮಿಸ್ತ್ರಿಯ ಕಸುಬು, ಕೆಡದಿದ್ದುದನ್ನು ಬಿಚ್ಚಿ ನೋಡುವುದು ಬಿಚ್ಚಪ್ಪನವರ ಹವ್ಯಾಸ.

ಮೊದಲು ಅಧ್ಯಯನ. ರಾತ್ರಿ ಊಟ ಮುಗಿದ ಮೇಲೆ ಮೊಬೈಲ್ ಹಿಡಿದು ವಿಡಿಯೋ ನೋಡುತ್ತಾರೆ. ಅದರಲ್ಲಿ ಯಾವನೋ ಬಿಳಿಯ ಮನುಷ್ಯ, ಕಲೆಯಿಲ್ಲದ ಏಪ್ರನ್ ಕಟ್ಟಿಕೊಂಡು, ಸ್ಟ್ಯಾಂಡಿಗೆ ನೇತುಹಾಕಿದ ಗೇರ್ ಸೈಕಲ್‌ನ ಡಿಸ್ಕ್ ಬ್ರೇಕ್ ಬಿಗಿ ಮಾಡುತ್ತಿರುತ್ತಾನೆ. ಬಿಚ್ಚಪ್ಪನವರದು 28 ಇಂಚಿನ ಗಾಲಿಯ, ಕಬ್ಬಿಣದ ಸರಳಿನ ಬ್ರೇಕಿನ, ಹಿಂದೆ ಅಗಲ ಕ್ಯಾರಿಯರ್ ಇರುವ ಸೈಕಲ್. ವಿಡಿಯೋದಲ್ಲಿ ಇರುವುದು ಒಂದೂ ಇವರ ಸೈಕಲ್‌ನಲ್ಲಿ ಇಲ್ಲ, ಇವರ ಸೈಕಲ್‌ನಲ್ಲಿ ಇರುವುದು ಒಂದೂ ವಿಡಿಯೋದಲ್ಲಿ ಇಲ್ಲ. ಆದರೂ ಕೊನೆಯವರೆಗೆ ನೋಡಿ, "ಭಾಳ ಈಜಿ ಅದ" ಎಂದು ದೀಪ ಆರಿಸುತ್ತಾರೆ.

ಆಮೇಲೆ ಸಾಮಾನಿನ ಖರೀದಿ. ಆಳಂದದ ಬಿಚ್ಚಪ್ಪ ಇದಕ್ಕಾಗಿ ಸೊಲ್ಲಾಪುರಕ್ಕೇ ಹೋಗುತ್ತಾರೆ. ಅಲ್ಲಿಂದ ತಂದ ನಟ್ಟಿಗೂ ಒಂದು ತೂಕ ಇರುತ್ತದೆ ಎಂಬುದು ಆ ಕಡೆಯವರ ನಂಬಿಕೆ. ಅಫಜಲಪುರ, ಜೇವರ್ಗಿಯವರು ಕಲಬುರಗಿಯ ಸೂಪರ್ ಮಾರ್ಕೆಟ್ ಹೊಕ್ಕು ಹೊರಬರುತ್ತಾರೆ. ಪಾನಾಗಳ ಸೆಟ್ಟು, ಕಡ್ಡಿ ಬಿಗಿ ಮಾಡುವ ಚಾವಿ, ಚೈನ್ ಕಳಚುವ ಯಂತ್ರ, ಮೂರು ಬಗೆಯ ಸ್ಕ್ರೂಡ್ರೈವರ್, ಕೈಗವಸು. ಬಸ್‌ಸ್ಟ್ಯಾಂಡಿನ ಹತ್ತಿರ ಬೇವಿನ ಗಿಡದ ಕೆಳಗೆ ಕೂತ ಮಿಸ್ತ್ರಿಯ ಹತ್ತಿರ ಏನಿರುತ್ತದೆ? ಐದಾರು ಅಳತೆಯ ತೂತುಗಳಿರುವ ಒಂದೇ ಪಾನಾ, ಒಂದು ಸುತ್ತಿಗೆ, ಎರಡು ಟೈರ್ ಲಿವರ್, ಒಂದು ಬುಟ್ಟಿ ನೀರು. ಅಷ್ಟರಲ್ಲೇ ಅವನು ಊರಿನ ಸೈಕಲ್‌ಗಳನ್ನೆಲ್ಲ ಓಡಿಸಿದ್ದಾನೆ. ಬಿಚ್ಚಪ್ಪನವರು ಇದನ್ನು ಕೇಳಿ, "ಅಂವಂದು ಹಳೀ ಪದ್ಧತಿ" ಎಂದು ಮುಗಿಸುತ್ತಾರೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ತಲೆಕೆಳಗಾಗುತ್ತದೆ. ನಟ್ಟು ಬೋಲ್ಟು ಕಳೆಯಬಾರದೆಂದು ಬಿಚ್ಚಿದ ಕ್ರಮದಲ್ಲೇ ಜೋಡಿಸಿಡಲು ಅಡುಗೆ ಮನೆಯ ಪರಾತ ಬರುತ್ತದೆ. ಹತ್ತು ಗಂಟೆಗೆ ರೊಟ್ಟಿ ಹಿಟ್ಟು ನಾದಲು ಹೆಂಡತಿಗೆ ಅದೇ ಪರಾತ ಬೇಕು. "ರೀ, ನಿಮ್ಮ ಸಾಮಾನು ಬಾಜೂಕ ಸುರೀಲೇನ್ರಿ?" ಎಂದು ಅವರು ಕೇಳುವಷ್ಟರಲ್ಲಿ ಸುರಿದಾಗಿರುತ್ತದೆ. ಕ್ರಮ ಹೋಯಿತು. ಉಳಿದ ಅಷ್ಟಿಷ್ಟನ್ನು ಮೊಮ್ಮಗ ದೊಡ್ಡದು, ಸಣ್ಣದು ಎಂದು ತನ್ನದೇ ಕ್ರಮದಲ್ಲಿ ಜೋಡಿಸುತ್ತಾನೆ.

ಮೊದಲ ಪರೀಕ್ಷೆ ಎಡಗಡೆಯ ಪೆಡಲ್. ಲೋಕದ ಎಲ್ಲ ನಟ್ಟುಗಳೂ ಎಡಕ್ಕೆ ತಿರುಗಿಸಿದರೆ ಸಡಿಲಾಗುತ್ತವೆ. ಎಡ ಪೆಡಲ್ ಮಾತ್ರ ಎಡಕ್ಕೆ ತಿರುಗಿಸಿದಷ್ಟೂ ಬಿಗಿಯುತ್ತದೆ. ತುಳಿಯುತ್ತ ತುಳಿಯುತ್ತ ತಾನೇ ಕಳಚಿಕೊಳ್ಳಬಾರದೆಂದು ಅದಕ್ಕೆ ಉಲ್ಟಾ ಥ್ರೆಡ್ ಕೊರೆದಿರುತ್ತಾರೆ. ಬಿಚ್ಚಪ್ಪನವರಿಗೆ ಇದು ಗೊತ್ತಿಲ್ಲ. ಪಾನಾಕ್ಕೆ ಕೊಳವೆ ಸಿಗಿಸಿ ಜೋತು ಬೀಳುತ್ತಾರೆ. ಓಣಿಯವರು ಒಬ್ಬೊಬ್ಬರಾಗಿ ಕೂಡುತ್ತಾರೆ. ಒಬ್ಬರು ಸೀಮೆಎಣ್ಣೆ ಹಾಕಿ ಅನ್ನುತ್ತಾರೆ, ಒಬ್ಬರು ಬೆಂಕಿಯಲ್ಲಿ ಕಾಸಿ ಅನ್ನುತ್ತಾರೆ, ಇನ್ನೊಬ್ಬರು ಟ್ರ್ಯಾಕ್ಟರ್ ತರಿಸಿ ಅನ್ನುತ್ತಾರೆ. ಕೊನೆಗೆ ಚಹಾದ ಹುಡುಗ ಕಪ್ಪು ಹಿಂದಕ್ಕೆ ಇಸಿದುಕೊಳ್ಳುತ್ತ, "ಕಾಕಾ, ಅದು ಉಲ್ಟಾ ತಿರಗ್ತದ್ರೀ" ಎಂದು ಎರಡು ಬೆರಳಿನ ಕೆಲಸದಷ್ಟು ಹಗುರವಾಗಿ ಬಿಚ್ಚಿ ಕೊಟ್ಟು ಹೋಗುತ್ತಾನೆ.

ಸೋತೆ ಎಂದುಕೊಳ್ಳುವ ಪೈಕಿಯವರಲ್ಲ ಬಿಚ್ಚಪ್ಪನವರು. ಅವರು ತಕ್ಷಣ ಒಂದು ಸಿದ್ಧಾಂತ ಕಟ್ಟುತ್ತಾರೆ: ಸೈಕಲ್‌ನಲ್ಲಿ ಎಲ್ಲವೂ ಉಲ್ಟಾ. ಹಿಂದಿನ ಗಾಲಿಯನ್ನು ಕಳಚಿ ಮಾಳಿಗೆಗೆ ಹೊತ್ತು, ಫ್ರೀವೀಲ್‌ನ ಮುಚ್ಚಳಕ್ಕೆ ಮೊಳೆ ಇಟ್ಟು ಸುತ್ತಿಗೆಯಿಂದ ಉಲ್ಟಾ ದಿಕ್ಕಿಗೆ ಹೊಡೆಯುತ್ತಾರೆ. ದುರ್ದೈವಕ್ಕೆ ಆ ಮುಚ್ಚಳದ ಥ್ರೆಡ್ಡೂ ನಿಜವಾಗಿ ಉಲ್ಟಾನೇ. ಸಿದ್ಧಾಂತ ಗೆಲ್ಲುತ್ತದೆ, ಫ್ರೀವೀಲ್ ತೆರೆಯುತ್ತದೆ. ಅದರೊಳಗೆ ಇಂಚಿನ ಎಂಟರಲ್ಲಿ ಒಂದು ಭಾಗದಷ್ಟು ಗಾತ್ರದ ಉಕ್ಕಿನ ಗುಂಡುಗಳು ಸಾಲಾಗಿ ಕೂತಿರುತ್ತವೆ. ತುಳಿಯುವುದನ್ನು ಬಿಟ್ಟಾಗ ಟಿಕ್‌ಟಿಕ್ ಎನ್ನುವ ಎರಡು ಕೊಕ್ಕೆ, ಅವುಗಳ ಹಿಂದೆ ಕೂದಲೆಳೆಯ ಸ್ಪ್ರಿಂಗು ಇರುತ್ತವೆ. ಬಿಚ್ಚಪ್ಪನವರು ಇವನ್ನೆಲ್ಲ ಬೆಳಕಿಗೆ ಹಿಡಿದು ನೋಡಲು ಗಾಲಿಯನ್ನು ಎತ್ತುತ್ತಾರೆ. ಗುಂಡುಗಳು ಸುರಿಯುತ್ತವೆ. ಸುರಿಯುವುದು ಎಲ್ಲಿಗೆ? ಬೇಳೆ ಮಾಡಲೆಂದು ಮಾಳಿಗೆಯ ತುಂಬ ಒಣಹಾಕಿದ ತೊಗರಿಯೊಳಕ್ಕೆ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇಲ್ಲಿಯ ಎರೆಭೂಮಿಯ ಗುಣದಿಂದ ಆ ಬೇಳೆಗೆ ಅದರದೇ ರುಚಿ ಇದೆ. ಅದಕ್ಕೆ ಉಕ್ಕಿನ ಅಂಶ ಬೆರೆಸಿದ ಕೀರ್ತಿ ಬಿಚ್ಚಪ್ಪನವರದು. ಅವರು ಸಾಣಿಗೆ ಹಿಡಿದು ಸೋಸುತ್ತಾರೆ, ಗುಂಡಿನ ಜೊತೆ ನುಚ್ಚೂ ಕೆಳಗೆ ಬೀಳುತ್ತದೆ. ಹೆಂಡತಿ ಒಂದು ಮಾತೂ ಆಡದೆ ಒಳಗೆ ಹೋಗಿ, ಮಾತು ಬಿಟ್ಟ ರೇಡಿಯೊದ ಸ್ಪೀಕರ್ ಕಿತ್ತು, ಅದರ ಹಿಂದಿನ ಅಯಸ್ಕಾಂತವನ್ನು ತೊಗರಿಯ ಮೇಲೆ ಆಡಿಸುತ್ತಾರೆ. ಗುಂಡುಗಳೆಲ್ಲ ತಾವಾಗಿ ಎದ್ದು ಬರುತ್ತವೆ. ಮಾವ ಕೊಟ್ಟ ಮೂರರಲ್ಲಿ ಒಂದು ಇನ್ನೊಂದನ್ನು ಕಾಪಾಡಿತು. ಆದರೂ ಮುಂದೆ ಒಂದಷ್ಟು ಕಾಲ ಆ ಮನೆಯಲ್ಲಿ ಎಲ್ಲರೂ ಸಾರನ್ನವನ್ನು ತುಂಬ ನಿಧಾನವಾಗಿ ಅಗಿಯುತ್ತಾರೆ.

ಗುಂಡುಗಳನ್ನು ಡಬ್ಬಿಗೆ ಹಾಕಿ, ಗಾಲಿಯನ್ನು ಹೆಗಲಿಗೇರಿಸಿ ಮಿಸ್ತ್ರಿಯ ಹತ್ತಿರ ಹೋಗುವ ಗಳಿಗೆ ಎಲ್ಲ ಬಿಚ್ಚಪ್ಪಂದಿರ ಬಾಳಿನಲ್ಲೂ ಬರುತ್ತದೆ. ಮಿಸ್ತ್ರಿ ಡಬ್ಬಿ ಅಲ್ಲಾಡಿಸಿ ನೋಡಿ ಒಂದೇ ಪ್ರಶ್ನೆ ಕೇಳುತ್ತಾನೆ:

"ಸರ್, ಮೊದಲ ಇದಕ್ಕೇನಾಗಿತ್ರಿ?"

"ಏನೂ ಆಗಿದ್ದಿಲ್ಲ, ಉಸ್ತಾದ್."

"ಹಂಗಾದ್ರ ಯಾಕ ಬಿಚ್ಚೀರಿ?"

ಈ ಪ್ರಶ್ನೆಗೆ ಮೂರೂ ತಾಲ್ಲೂಕುಗಳಲ್ಲಿ ಈವರೆಗೆ ಉತ್ತರ ಸಿಕ್ಕಿಲ್ಲ. ಉತ್ತರ ಸಿಗದ ಕಡೆ ಬಿಚ್ಚಪ್ಪನವರು ಇತಿಹಾಸ ಹೇಳುತ್ತಾರೆ. ಡನ್ಲಪ್ ಎಂಬ ದನದ ಡಾಕ್ಟರು ಬೆಲ್‌ಫಾಸ್ಟ್ ಊರಲ್ಲಿ ಮಗನ ಮೂರು ಗಾಲಿಯ ಸೈಕಲ್‌ಗೆ ಗಾಳಿ ತುಂಬಿದ ಟೈರು ಕಟ್ಟಿ 1888ರಲ್ಲಿ ಪೇಟೆಂಟ್ ಪಡೆದದ್ದು. ವಿಶ್ವಸಂಸ್ಥೆ ಜೂನ್ 3ನ್ನು ಸೈಕಲ್ ದಿನವೆಂದು 2018ರಲ್ಲಿ ಸಾರಿದ್ದು. 2020ರಲ್ಲಿ ಅದೇ ಜೂನ್ 3ರಂದು ಸಾಹಿಬಾಬಾದಿನ ಅಟ್ಲಾಸ್ ಸೈಕಲ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು. ಮಿಸ್ತ್ರಿ ಎಲ್ಲ ಕೇಳುತ್ತಾನೆ. ಕೇಳುತ್ತಲೇ ಗ್ರೀಸ್ ಬಳಿದು ಒಂದೊಂದೇ ಗುಂಡನ್ನು ಅದರ ಜಾಗಕ್ಕೆ ಅಂಟಿಸಿ ಮುಚ್ಚಳ ತಿರುಗಿಸುತ್ತಾನೆ. ಇತಿಹಾಸ ಇನ್ನೂ ಅರ್ಧವಾಗಿರುವಾಗಲೇ ಫ್ರೀವೀಲ್ ಟಿಕ್‌ಟಿಕ್ ಎನ್ನುತ್ತದೆ.

ಎಣ್ಣೆಯ ಕಥೆ ಬೇರೆ. ಚೈನಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಹನಿ ಹನಿ ಬಿಟ್ಟು, ಅರಿವೆಯಿಂದ ಒರೆಸಿದರೆ ಸಾಕು. ಬಿಚ್ಚಪ್ಪನವರಿಗೆ ಅಡುಗೆ ಮನೆಯ ಕುಸುಬಿ ಎಣ್ಣೆ ಹತ್ತಿರ. ಹೃದಯಕ್ಕೆ ಒಳ್ಳೆಯದಾದದ್ದು ಚೈನಿಗೆ ಕೆಟ್ಟದ್ದಾಗುತ್ತದೆಯೇ? ಆಗುತ್ತದೆ. ಕುಸುಬಿ ಎಣ್ಣೆ ಗಾಳಿಗೆ ಒಡ್ಡಿದರೆ ಅಂಟಾಗಿ ಒಣಗುವ ಜಾತಿ, ಬಣ್ಣ ವಾರ್ನಿಶ್‌ಗೂ ಅದನ್ನು ಬಳಸುತ್ತಾರೆ. ಒಂದು ವಾರದಲ್ಲಿ ಊರಿನ ಧೂಳೆಲ್ಲ ಚೈನಿಗೆ ಮೆತ್ತಿ ಅದು ಶೇಂಗಾ ಚಿಕ್ಕಿಯ ಹಾಗೆ ಗಟ್ಟಿಯಾಗುತ್ತದೆ. ಸೈಕಲ್ ಹೋಗುವುದಿಲ್ಲ, ಆದರೆ ಒಗ್ಗರಣೆಯ ವಾಸನೆ ಬರುತ್ತದೆ.

ಮೂರು ಊರಿನ ಬಿಚ್ಚಪ್ಪಂದಿರಲ್ಲಿ ಸಣ್ಣಪುಟ್ಟ ಭೇದಗಳಿವೆ. ಆಳಂದದವರು ಕಡ್ಡಿಯಲ್ಲಿ ಪಂಡಿತರು. ಕರಿ ಸೈಕಲ್‌ನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಬೆಂಡ್ ತೆಗೆಯುವಾಗ ಒಂದೊಂದನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಲಗಡೆಯ ಕಡ್ಡಿ ಬಿಗಿದರೆ ರಿಮ್ಮು ಬಲಕ್ಕೆ, ಎಡದ್ದು ಬಿಗಿದರೆ ಎಡಕ್ಕೆ ಸರಿಯುತ್ತದೆ. ಇವರು ಉದಾರಿಗಳು, ಎಲ್ಲವನ್ನೂ ಎರಡೆರಡು ಸುತ್ತು ಬಿಗಿಯುತ್ತಾರೆ. ಗಾಲಿ ಎಂಟರ ಅಂಕೆಯಾಗಿ ಏಳುತ್ತದೆ. ಅಫಜಲಪುರದವರಿಗೆ ಗಾಣಗಾಪುರದ ದತ್ತನ ಮೇಲೆ ಭಾರ. ರಿಪೇರಿ ಮುಗಿದ ದಿನವೇ ಸೈಕಲ್ ಮೇಲೆ ದರ್ಶನಕ್ಕೆ ಹೊರಡುತ್ತಾರೆ, ಸೈಕಲ್ ಸಮೇತ ಬಸ್ಸಿನ ಟಪ್ಪಿನ ಮೇಲೆ ಹಿಂತಿರುಗುತ್ತಾರೆ. ಜೇವರ್ಗಿಯವರ ವೈರಿ ಎರೆಮಣ್ಣು. ಮಳೆ ಬಿದ್ದ ಹೊಲದ ದಾರಿಯಲ್ಲಿ ಹತ್ತು ಹೆಜ್ಜೆ ತುಳಿದರೆ ಮಡ್‌ಗಾರ್ಡ್‌ನೊಳಗೆ ಮಣ್ಣು ಮೆತ್ತಿ ಗಾಲಿ ನಿಲ್ಲುತ್ತದೆ. ರೈತರು ಕಟ್ಟಿಗೆಯ ತುಂಡಿನಿಂದ ಮಣ್ಣು ಕೆತ್ತಿ ಮುಂದೆ ಹೋಗುತ್ತಾರೆ. ಜೇವರ್ಗಿಯ ಬಿಚ್ಚಪ್ಪ ಮಡ್‌ಗಾರ್ಡನ್ನೇ ಬಿಚ್ಚಿಡುತ್ತಾರೆ. ಮನೆಗೆ ಬಂದಾಗ ಮುಂದಿನಿಂದ ನೋಡಿದರೆ ಬಿಳಿ ಅಂಗಿ, ಹಿಂದಿನಿಂದ ನೋಡಿದರೆ ಕರಿ ಹೊಲ.

ಇಷ್ಟೆಲ್ಲ ನಕ್ಕ ಮೇಲೆ ಒಂದು ಮಾತು ಒಪ್ಪಬೇಕು. ಪಂಚರ್ ಹಾಕುವುದನ್ನು ಮಾತ್ರ ಬಿಚ್ಚಪ್ಪನವರು ಕಲಿತೇ ಬಿಡುತ್ತಾರೆ. ಜಾಲಿಮುಳ್ಳು, ನೆಗ್ಗಿಲು ಮುಳ್ಳು ಅಷ್ಟು ಬಾರಿ ಪರೀಕ್ಷೆ ಕೊಟ್ಟರೆ ಕಲಿಯದೆ ಗತಿಯೇನು? ಮೊದಮೊದಲು ಟ್ಯೂಬಿಗೆ ಪ್ಯಾಚ್ ಹಚ್ಚಿ, ಟೈರಿನಲ್ಲಿ ಮುಳ್ಳನ್ನು ಹಾಗೇ ಬಿಟ್ಟು, ಓಣಿ ದಾಟುವುದರೊಳಗೆ ಮತ್ತೆ ಕೂರುತ್ತಿದ್ದರು. ಈಗ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ, ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ ಮುಳ್ಳು ಹುಡುಕುತ್ತಾರೆ. ಉಸುಕಿನ ಕಾಗದದಿಂದ ಉಜ್ಜಿ, ಸಲೂಶನ್ ಹಚ್ಚಿ, ಅದು ಒಣಗುವ ತನಕ ಸುಮ್ಮನೆ ಕೂರುತ್ತಾರೆ. ಆ ಸುಮ್ಮನೆ ಕೂರುವುದೇ ಇಡೀ ವಿದ್ಯೆಯಲ್ಲಿ ಕಠಿಣ ಪಾಠ. ಹಸಿಯಿರುವಾಗಲೇ ಪ್ಯಾಚ್ ಒತ್ತಿದವರೆಲ್ಲ ಸೈಕಲ್ ನೂಕಿಕೊಂಡೇ ಮನೆ ಸೇರಿದ್ದಾರೆ. ಗಾಳಿ ಮತ್ತೂ ಇಳಿದರೆ ಟ್ಯೂಬನ್ನು ಬೈಯದೆ ವಾಲ್ವಿನ ಸಣ್ಣ ರಬ್ಬರ್ ನಳಿಕೆ ಬದಲಿಸಿ ನೋಡುವಷ್ಟು ಜಾಣತನವೂ ಬಂದಿದೆ.

ಈ ವಿದ್ಯೆ ವ್ಯರ್ಥವಾಗುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ, ಕೋವಿಡ್ ಕಾಲದಲ್ಲಿ ನಿಂತಿತು. ಅದು ನಿಲ್ಲುವ ಮೊದಲು ಅಕ್ಕನಿಗೆ ಸಿಕ್ಕ ಸೈಕಲ್ ತುಳಿದು ಈಗ ತಂಗಿ ಹೈಸ್ಕೂಲಿಗೆ ಬರುತ್ತಾಳೆ. ಅಂಥ ಸೈಕಲ್‌ಗೆ ಹಳ್ಳಿಯಿಂದ ಬರುವ ದಾರಿಯಲ್ಲಿ ಮುಳ್ಳು ಚುಚ್ಚುತ್ತದೆ. ಊರ ಮಿಸ್ತ್ರಿಗಳು ಬಹುಪಾಲು ಮೋಟರ್‌ಸೈಕಲ್ ಕಡೆ ತಿರುಗಿದ್ದಾರೆ, ಶಾಲೆಯ ಗಂಟೆ ಯಾರಿಗೂ ಕಾಯುವುದಿಲ್ಲ. ಆಗ ಹುಡುಗಿಯರು ಬಿಚ್ಚಪ್ಪನವರ ಬಾಗಿಲಿಗೆ ಬಂದು, "ಅಜ್ಜಾ, ಗಾಲಿ ಕುಂತದ್ರೀ" ಅನ್ನುತ್ತಾರೆ. ಅಜ್ಜ ಕನ್ನಡಕ ಏರಿಸಿ, ಬುಟ್ಟಿಗೆ ನೀರು ತುಂಬುತ್ತಾರೆ. ಫ್ರೀವೀಲ್ ಕಡೆ ಕಣ್ಣು ಹಾಯುವುದನ್ನು ಹೆಂಡತಿ ಬಾಗಿಲಲ್ಲಿ ನಿಂತು ಕೆಮ್ಮಿ ತಡೆಯುತ್ತಾರೆ. ಕೆಲಸ ಆಗುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಬದಲಿಗೆ ಡನ್ಲಪ್‌ನ ಇತಿಹಾಸ ಕೇಳಬೇಕು. ಹುಡುಗಿಯರಿಗೆ ಅದು ದುಬಾರಿ ಎನಿಸಿದರೂ ಕೇಳುತ್ತಾರೆ. ಡಾಕ್ಟರು ಹೇಳಿದ ತುಳಿತ ಇನ್ನೂ ಶುರುವಾಗಿಲ್ಲ, ಆದರೆ ಪಂಪು ಹೊಡೆದು ಹೊಡೆದು ಬಿಚ್ಚಪ್ಪನವರ ಹೊಟ್ಟೆ ಕರಗಿದೆ.

ಆದ್ದರಿಂದ ನಿಮ್ಮ ಮನೆಯಲ್ಲೂ ಒಬ್ಬರು ಬಿಚ್ಚಪ್ಪ ತಯಾರಾಗುತ್ತಿದ್ದರೆ ತಡೆಯಬೇಡಿ. ಪಂಪು, ಪ್ಯಾಚು, ಸಲೂಶನ್, ಹೊಲಿಗೆ ಯಂತ್ರದ ಎಣ್ಣೆ, ಒಂದು ಜೊತೆ ಬ್ರೇಕ್ ರಬ್ಬರ್ ತಂದುಕೊಡಿ. ಗಾಳಿ, ಎಣ್ಣೆ, ಬ್ರೇಕು, ಪಂಚರ್ ಮನೆಯಲ್ಲೇ ಆಗಲಿ, ಕಡ್ಡಿ ಮತ್ತು ಫ್ರೀವೀಲ್ ಮಿಸ್ತ್ರಿಯ ಕೈಯಲ್ಲೇ ಇರಲಿ; ಅವನ ಸಂಸಾರವೂ ನಡೆಯಬೇಕಲ್ಲ. ಪರಾತ ಇನ್ನೊಂದು ಕೊಂಡಿಡಿ. ಮತ್ತೆ, ಭಾನುವಾರದ ದಿನ ಮಾತ್ರ ದಯವಿಟ್ಟು ಮಾಳಿಗೆಯ ಮೇಲೆ ತೊಗರಿ ಒಣಹಾಕಬೇಡಿ.