ಅತ್ತೆಯ ಹೆಪ್ಪು

ನಲವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಸೈಕಲ್ ಕೊಳ್ಳುತ್ತಾರೆ, ಕೆಲವರು ಷೇರು. ನಿಮ್ಮ ಮನೆಯದು ಯಾವುದೋ ಗೊತ್ತಿಲ್ಲ, ಇದ್ದೇ ಇರುತ್ತದೆ ಬಿಡಿ. ನನಗೆ ಹಿಡಿದದ್ದು ಬಿಯರ್ ಹುಚ್ಚು. ನಾವಿರುವ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಬೀದಿಗೊಂದು ಬ್ರೂವರಿ. ಹೋಗಿ ಕುಡಿದು ಬಂದರೆ ಮುಗಿಯಿತು. ಆದರೆ ಆಫೀಸಿನ ಗೆಳೆಯನೊಬ್ಬ ಮನೆಯಲ್ಲೇ ಮಾಡಿದ 8 ಪರ್ಸೆಂಟಿನ ಬಿಯರ್ ತಂದು, ಇಲ್ಲದ ಮೀಸೆ ತಿರುವಿದ. ನಾನು 10 ಪರ್ಸೆಂಟು ಮಾಡದೆ ಬಿಡುವುದುಂಟೇ? ಆರಿಸಿಕೊಂಡದ್ದು ಬಾರ್ಲಿವೈನ್. ಹೆಸರಿಗೆ ವೈನ್, ಜಾತಿಯಲ್ಲಿ ಬಿಯರ್.

"ಇದಕ್ಕೆಲ್ಲ ಕಾನೂನು ಒಪ್ಪುತ್ತೇನ್ರೀ?" ಅಂದಳು ಹೆಂಡತಿ. ಈ ಪ್ರಶ್ನೆಗೆ ನಾನು ಓದಿಕೊಂಡೇ ಬಂದಿದ್ದೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್ ಎಂದೆ.

"ಆ ಇಬ್ಬರಲ್ಲಿ ನಾನೂ ಒಬ್ಬಳಾ? ಹಾಗಾದ್ರೆ ನನ್ನ ಪಾಲಿನ 100 ಗ್ಯಾಲನ್ ವಾಪಸ್ ತಗೊಂಡೆ."

ಹೋಳಿಗೆ ಹೂರಣ ಬೇಯಿಸುವ ಹಂಡೆಯಲ್ಲಿ 8 ಕೇಜಿ ಮಾಲ್ಟ್ ಹಾಕಿ, 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಸಿಹಿನೀರು ಬಸಿದೆ. ಸಕ್ಕರೆಯ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ 1.078. ನನಗೆ ಬೇಕಿದ್ದದ್ದು 1.098. ಕಾಳು ಹೆಚ್ಚಾದಷ್ಟೂ ತೊಳೆಯುವ ನೀರು ಸಾಲದೆ ಸಕ್ಕರೆ ಹೊಟ್ಟಿನಲ್ಲೇ ಉಳಿದುಬಿಡುತ್ತದಂತೆ. ಇದು ಗೊತ್ತಾದದ್ದು ಆಮೇಲೆ. ನೀರು ಇಂಗಲಿ ಎಂದು ಮೂರು ಗಂಟೆ ಕುದಿಸಿದೆ. ಗೋಡೆ ಬೆವರಿತು, ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತು. ಆಗ ತಾನೇ ತುಮಕೂರಿನಿಂದ ಬಂದಿದ್ದ ಅತ್ತೆ ಓಡಿಬಂದರು. "ಏನಿಲ್ಲ, ಬಾರ್ಲಿ ಗಂಜಿ" ಅಂದೆ.

ಆರುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಒಂದು ಪ್ಯಾಕೆಟ್ ಯೀಸ್ಟ್ ಸುರಿದು, ಡ್ರಮ್ಮಿಗೆ ಕಂಬಳಿ ಹೊದಿಸಿ ಹೀಟರ್ ಪಕ್ಕ ಕೂರಿಸಿದೆ. ಮೂರು ವಾರವಾದರೂ ಅಳತೆ 1.050ಕ್ಕಿಂತ ಕೆಳಗಿಳಿಯಲಿಲ್ಲ. ಮುಚ್ಚಳ ತೆಗೆದರೆ ಪೇಂಟಿನ ಥಿನ್ನರ್ ವಾಸನೆ. "ಚೆಲ್ಲಬೇಡಿ, ನೇಲ್ ಪಾಲಿಶ್ ತೆಗೆಯೋಕಾಗುತ್ತೆ" ಎಂದು ಹೆಂಡತಿ ಸಮಾಧಾನ ಹೇಳಿದಳು.

"ಅಳಿಯಂದ್ರೇ," ಅಂದರು ಅತ್ತೆ, "ಹೆಪ್ಪು ಹಾಕುವಾಗ ಎಷ್ಟು ಬಿಸಿ ಇತ್ತು?"

"ಸ್ವಲ್ಪ... ಜಾಸ್ತೀನೇ."

"ಸುಡೋ ಹಾಲಿಗೆ ಯಾರಾದ್ರೂ ಹೆಪ್ಪು ಹಾಕ್ತಾರಾ? ಅಷ್ಟು ದೊಡ್ಡ ಡ್ರಮ್ಮಿಗೆ ಚಿಟಿಕೆ ಹೆಪ್ಪು ಸಾಕಾ? ಮೇಲಿಂದ ಹೀಟರ್ ಬೇರೆ! ಬೇಸಿಗೇಲಿ ದೋಸೆ ಸಂಪಣ ಏನಾಗುತ್ತೆ ಅಂತ ನೋಡಿಲ್ವಾ?"

"ಅತ್ತೆ, ಇದು ಗಂಜಿ..."

"ಗಂಜಿ ಅಂದಿದ್ದು ನೀವು. ನಂಬಿದ್ದೂ ನೀವೊಬ್ಬರೇ."

ಆರು ತಿಂಗಳು ಪುಸ್ತಕ ಓದಿ ಹದಿನಾಲ್ಕು ಕಾಲಮ್ಮಿನ ಸ್ಪ್ರೆಡ್‌ಶೀಟ್ ಮಾಡಿದವನು ನಾನು. ಅದರಲ್ಲಿ ಹಾಲೂ ಇರಲಿಲ್ಲ, ಹೆಪ್ಪೂ ಇರಲಿಲ್ಲ.

ಎರಡನೇ ಸಲ ಅತ್ತೆ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತರು. ಸಿಹಿನೀರನ್ನು 18 ಡಿಗ್ರಿಗೆ ಆರಿಸಿ, ಗಾಳಿ ಸೇರಲೆಂದು ತೋಳು ಬಿದ್ದುಹೋಗುವಷ್ಟು ಕುಲುಕಿ, ಎರಡು ಪ್ಯಾಕೆಟ್ ಯೀಸ್ಟ್ ಹಾಕಿ, ತಣ್ಣಗಿನ ಬೇಸ್‌ಮೆಂಟಿನಲ್ಲಿ ಇಟ್ಟೆ. ಪರ್ಸೆಂಟು ಏರಲೆಂದು ತಂದಿದ್ದ ಅರ್ಧ ಕೇಜಿ ಸಕ್ಕರೆಯನ್ನು ಮೊದಲೇ ಸುರಿಯಲು ಹೋದರೆ ತಡೆದರು. "ಊಟಕ್ಕೆ ಮುಂಚೆ ಹೋಳಿಗೆ ಬಡಿಸಿದ್ರೆ ಮಕ್ಕಳು ಅನ್ನ ಮುಟ್ಟಲ್ಲ." ಪುಸ್ತಕದಲ್ಲೂ ಅದೇ ಇದೆ: ಸಕ್ಕರೆ ಹಾಕುವುದಾದರೆ ಮೊದಲ ಉಕ್ಕು ಇಳಿದ ಮೇಲೆ. ನಾನು ಆ ಪುಟ ಹಾರಿಸಿದ್ದೆ.

ಒಂದೇ ಒಂದು ಮಾತು ಕೇಳಲಿಲ್ಲ. "ಉಕ್ಕೋಕೆ ಜಾಗ ಬಿಡಿ" ಅಂದರು. 20 ಲೀಟರಿನ ಡ್ರಮ್ಮಿಗೆ 19 ಲೀಟರ್ ತುಂಬಿ, "ಗ್ಯಾಸ್ ಹೊರಬಿಡೋಕೆ ಏರ್‌ಲಾಕ್ ಇದೆ, ಇದು ಸೈನ್ಸು" ಅಂದೆ. ನಡುರಾತ್ರಿ ಢಮಾರ್! ನೊರೆ ಏರ್‌ಲಾಕಿಗೆ ಕಟ್ಟಿಕೊಂಡು ಮುಚ್ಚಳ ಸಮೇತ ಹಾರಿತ್ತು. ಅರ್ಧ ಸೈನ್ಸು ಮೇಲ್ಛಾವಣಿಗೆ, ಇನ್ನರ್ಧ ಒಣಹಾಕಿದ್ದ ಮೈಸೂರು ಸಿಲ್ಕಿಗೆ. ಏರ್‌ಲಾಕ್ ಇದ್ದ ಜಾಗಕ್ಕೆ ಅಗಲದ ಪೈಪು ಸಿಕ್ಕಿಸಿ, ತುದಿಯನ್ನು ನೀರಿನ ಬಕೀಟಿಗೆ ಇಳಿಬಿಟ್ಟು ಡ್ರಮ್ಮನ್ನು ಉಳಿಸಿದೆ. ಸೀರೆಯ ವಿಷಯ ಇಲ್ಲಿ ಬೇಡ.

ಉಳಿದಷ್ಟು 1.022ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಸರಿಯಾಗಿ 10 ಪರ್ಸೆಂಟು! ಕುಣಿದೆ. ಆಮೇಲೆ ಓದಿದೆ: ಇದು ಹದಕ್ಕೆ ಬರಲು ಒಂದು ವರ್ಷ ಬಾಟಲಿಯಲ್ಲಿ ಮಾಗಲು ಬಿಡಬೇಕು.

ವರ್ಷ ಕಳೆದು ಆ ಗೆಳೆಯ ಮನೆಗೆ ಬಂದ. ಒಂದು ಗುಟುಕು ಕುಡಿದು ಕಣ್ಣರಳಿಸಿ, ಹೇಗೆ ಮಾಡಿದೆ ಎಂದ. ನಾನು ಗಂಟಲು ಸರಿಮಾಡಿಕೊಂಡು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಹೆಂಡತಿ ತುಮಕೂರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವನ ಕೈಗೆ ಕೊಟ್ಟಳು. ಅರ್ಧ ಗಂಟೆ ಪಾಠ. ನನ್ನ ಕೆಲಸ ಅನುವಾದ.

"ಉಕ್ಕೋಕೆ ಜಾಗ ಬಿಡಬೇಕು ಅಂತ ಹೇಳಿ ಅವರಿಗೆ," ಅಂದರು ಅತ್ತೆ. "ನಮ್ಮ ಅಳಿಯಂದ್ರಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲಿಲ್ಲ."

ಅದನ್ನೂ ಇಂಗ್ಲಿಷಿನಲ್ಲಿ ನಾನೇ ಹೇಳಬೇಕಾಯಿತು.